‘ಉರಿ ಜಿಪ್’ ಅಂದ್ರೆ ನಮ್ಮ ಮನೆ. ಆದರೆ ಯಾವ ಮನೆ?

ಜರ್ಸಿ_ಜಯನಗರ:

ನಮ್ಮ ಬೀದಿಯ ತುದಿಯಲ್ಲಿರುವ ಡ್ರೈಕ್ಲೀನಿಂಗ್ ಅಂಗಡಿ ಈ ತಿಂಗಳ ಕೊನೆಗೆ ಬಾಗಿಲು ಹಾಕುತ್ತಿದೆ. ನಡೆಸುವವರು ಒಬ್ಬ ಕೊರಿಯನ್ ಆಂಟಿ. ಗಂಡ ತೀರಿಕೊಂಡು ಆರು ವರ್ಷ ಆಯಿತು. ಅಂಗಡಿ ಮೇಲಿನ ಎರಡು ರೂಮಲ್ಲೇ ವಾಸ.

ನ್ಯೂಜೆರ್ಸಿಗೆ ಬಂದ ಹೊಸದರಲ್ಲಿ ನನ್ನ ಮೈಸೂರು ಸಿಲ್ಕ್ ಸೀರೆಯನ್ನು ಹೆದರುತ್ತಲೇ ಅವರ ಕೈಗೆ ಕೊಟ್ಟಿದ್ದೆ. ಜರಿಯ ಮೇಲೆ ಹೆಬ್ಬೆರಳು ಆಡಿಸಿದರು. ಅಂಚು ತಿರುಗಿಸಿ ಹಿಂಭಾಗ ನೋಡಿದರು. ಏನೂ ಹೇಳದೆ ಚೀಟಿ ಹರಿದು ಕೊಟ್ಟರು. ವಾರದ ಮೇಲೆ ಮನೆಗೆ ತಂದು ಬಿಚ್ಚಿದರೆ ನನ್ನ ಹಳೇ ಮಡಿಕೆ ಒಂದೂ ಇಲ್ಲ, ಎಲ್ಲ ಬೇರೆ ಜಾಗದಲ್ಲಿ ಮಡಿಚಿದ್ದಾರೆ. ಒಂದೇ ಕಡೆ ಮಡಿಚಿದರೆ ಜರಿ ಸೀಳುತ್ತೆ ಅಂತ ನಮ್ಮಮ್ಮ ಬೀರುವಿನಿಂದ ತೆಗೆದು ಆಗಾಗ ಹೀಗೇ ಮಡಿಕೆ ಬದಲಾಯಿಸುತ್ತಿದ್ದರು. ಅದನ್ನು ಇವರಿಗೆ ಯಾರು ಹೇಳಿಕೊಟ್ಟರೋ ಕಾಣೆ.

ಕೋವಿಡ್ ಆದಮೇಲೆ ಜನ ಮನೆಯಿಂದಲೇ ಕೆಲಸ ಮಾಡುವುದು ಕಲಿತರು. ಶರ್ಟ್ ಇಸ್ತ್ರಿಗೆ ಬರುವವರು ಕಡಿಮೆಯಾದರು. ಬಾಡಿಗೆ ಮಾತ್ರ ಏರುತ್ತಲೇ ಹೋಯಿತು. ಅದರ ಮೇಲೆ, ಬಟ್ಟೆ ಶುಚಿ ಮಾಡಲು ಬಳಸುವ ‘ಪರ್ಕ್’ ಅನ್ನುವ ದ್ರವವನ್ನು ಹತ್ತು ವರ್ಷದೊಳಗೆ ನಿಲ್ಲಿಸಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಕೇಂದ್ರ ಪರಿಸರ ಇಲಾಖೆ ನಿಯಮ ತಂದಿತು. ಹೊಸ ಮಷೀನಿಗೆ ಸಾಲ ಮಾಡುವ ವಯಸ್ಸು ಅವರದ್ದಲ್ಲ.

ಮೊನ್ನೆ ಮಗನ ಜೊತೆ ಫೋನಲ್ಲಿ ಮಾತಾಡುವಾಗ ‘ಉರಿ ಜಿಪ್, ಉರಿ ಜಿಪ್’ ಅಂತ ನಾಲ್ಕೈದು ಸಲ ಅಂದರು. ನಮ್ಮ ಮನೆ ಅಂತ ಅರ್ಥ, ಅಷ್ಟು ನನಗೂ ಗೊತ್ತಿತ್ತು. ಫೋನ್ ಇಟ್ಟಮೇಲೆ ಯಾವ ಮನೆ ಅಂತ ಕೇಳಿದೆ. ಒಂದು ಸಲ ಕೊರಿಯಾದ ಬುಸಾನ್‌ನಲ್ಲಿರುವ ಅಣ್ಣನ ಮನೆ, ಒಂದು ಸಲ ಟೆಕ್ಸಾಸ್‌ನಲ್ಲಿರುವ ಮಗನ ಅಪಾರ್ಟ್‌ಮೆಂಟ್, ಉಳಿದದ್ದು ಈ ಅಂಗಡಿಯಂತೆ. ಸ್ವಂತದ್ದು ಅಂತ ಒಂದೂ ಇಲ್ಲ!

ಅವತ್ತಿನಿಂದ ಇದು ತಲೆಯಲ್ಲಿ ಕೊರೆಯುತ್ತಿದೆ. ಕಷ್ಟ ಬಿದ್ದ ಇಂಥ ಕುಟುಂಬಗಳು ಯಾವುದನ್ನು ಮನೆ ಅಂತಾರೆ? ಕೊರಿಯನ್ನರ ಜೊತೆ ಒಡನಾಟ ಇರುವವರು ದಯವಿಟ್ಟು ಹೇಳಿ.

ಭಾಷೆ_ಹುಚ್ಚ:

ಮೊದಲು ಪದದ ಕಡೆಯಿಂದ ಬರ್ತೀನಿ, ಅದೇ ನನ್ನ ಚಟ. ಕೊರಿಯನ್ನರು ‘ನನ್ನ ಮನೆ’ ಅನ್ನುವುದು ಕಮ್ಮಿ. ಒಬ್ಬಂಟಿಯಾಗಿ ಇದ್ದರೂ ‘ಉರಿ ಜಿಪ್’. ಒಬ್ಬನೇ ಮಗನೂ ‘ಉರಿ ಓಮ್ಮ’ ಅಂತಾನೆ, ಅಂದರೆ ನಮ್ಮಮ್ಮ. ಇಂಗ್ಲಿಷ್‌ನವರಿಗೆ ಇದು ವಿಚಿತ್ರ. ನಮಗೆ ಏನೂ ಅನಿಸುವುದೇ ಇಲ್ಲ, ಅಲ್ವಾ? ನಾವೂ ನಮ್ಮನೆ, ನಮ್ಮಪ್ಪ ಅಂತಲೇ ಹೇಳೋದು. ಅಪ್ಪನಿಗೆ ಅವರೂ ‘ಆಪ್ಪ’ ಅಂತಾರೆ. ಅದಕ್ಕಿಂತ ಮಜಾ ಏನು ಗೊತ್ತಾ? ಹೆಂಡತಿಗೆ ‘ಜಿಪ್‌ಸರಾಮ್’ ಅಂತಾರೆ. ಜಿಪ್ ಅಂದರೆ ಮನೆ, ಸರಾಮ್ ಅಂದರೆ ವ್ಯಕ್ತಿ. ನಮ್ಮ ‘ಮನೆಯವರು’ ಇದ್ದಾರಲ್ಲ, ಅದೇ.

ಇನ್ನೊಂದು ಪದ ಇದೆ, ‘ಗೊಹ್ಯಾಂಗ್’. ಅದು ಮನೆ ಅಲ್ಲ, ಊರು. ‘ನಿಮ್ಮೂರು ಯಾವುದು’ ಅಂತ ಕೇಳುವಾಗ ನಾವು ಹೇಳುವ ಊರು. ಬೆಂಗಳೂರಲ್ಲಿ ನಲವತ್ತು ವರ್ಷ ಇದ್ದವರೂ ‘ನಮ್ಮೂರು ತೀರ್ಥಹಳ್ಳಿ’ ಅಂತಾರಲ್ಲ, ಹಾಗೆ. ಆದ್ದರಿಂದ ಆಂಟಿಯ ಮಾತಿನಲ್ಲಿ ಗೊಂದಲ ಏನೂ ಇಲ್ಲ. ಗೊಹ್ಯಾಂಗ್ ಒಂದೇ, ಜಿಪ್ ಎಷ್ಟು ಬೇಕಾದರೂ ಇರಬಹುದು.

ಹಾಂ, ಉರಿ ಅಂದರೆ ಬೆಂಕಿ ಅಲ್ಲ ಮಾರಾಯ್ರೇ, ‘ನಮ್ಮ’.

ಕೋಲಾರ_ಕಿರಿಕ್:

ಎಲ್ಲ ಸರಿ. ಆದರೆ ದುಡ್ಡು ಮಾಡೋಕೆ ಅಂತ ಹೋದವರು ಆಮೇಲೆ ಮನೆ ಮಠ ಅಂತ ಅತ್ತರೆ ಹೇಗೆ? ಸಿಯೋಲ್ ಈಗ ಬೆಂಗಳೂರಿಗಿಂತ ಎಷ್ಟು ಪಟ್ಟು ಮುಂದಿದೆ. ವಾಪಸ್ ಹೋಗಲಿ.

ಹಳೇ_ಪುಸ್ತಕ:

ಕಿರಿಕ್ ಅವರೇ, ವಾಪಸ್ ಹೋಗೋಕೆ ದೇಶ ಇರಬೇಕಲ್ಲ. ಮೊದಲು ಹೋದವರ ಕಥೆ ಕೇಳಿ. 1903ರ ಜನವರಿ 13ರಂದು ‘ಗೇಲಿಕ್’ ಅನ್ನುವ ಹಡಗು ಹೊನೊಲುಲುಗೆ ಬಂತು. ಅದರಲ್ಲಿ ಸುಮಾರು ನೂರು ಜನ ಕೊರಿಯನ್ನರಿದ್ದರು. 1905ರ ಹೊತ್ತಿಗೆ ಸುಮಾರು 7,000 ಜನ ಹವಾಯಿಯ ಕಬ್ಬಿನ ತೋಟಗಳಿಗೆ ಸೇರಿದ್ದರು. ಕೂಲಿಗೆ ಹೆಸರಿಲ್ಲ, ಕತ್ತಿನಲ್ಲಿ ನಂಬರಿನ ಬಿಲ್ಲೆ. ಅದಕ್ಕೆ ‘ಬಾಂಗೊ’ ಅನ್ನುತ್ತಿದ್ದರು.

ನಾಲ್ಕು ಕಾಸು ಕೂಡಿಟ್ಟು ಊರಿಗೆ ಮರಳೋಣ ಅಂದುಕೊಂಡಿದ್ದರು. 1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿತು. ಕಬ್ಬಿನ ಗದ್ದೆಯಲ್ಲಿ ನಿಂತಿದ್ದ ಹಾಗೇ ದೇಶ ಇಲ್ಲದವರಾದರು. ಆ ಕೂಲಿ ದುಡ್ಡಿನಲ್ಲೇ ಉಳಿಸಿ ಸ್ವಾತಂತ್ರ್ಯ ಹೋರಾಟಕ್ಕೆ ಕಳಿಸುತ್ತಿದ್ದರು. ಬರೀ ಫೋಟೊ ನೋಡಿ ಮದುವೆಗೆ ಒಪ್ಪಿ ಸಮುದ್ರ ದಾಟಿದ ಹುಡುಗಿಯರೂ ನೂರಾರು. ಬಂದಿಳಿದಾಗ ಎದುರಿಗೆ ನಿಂತ ಗಂಡ ಫೋಟೊದವನಿಗಿಂತ ಹತ್ತು ಹದಿನೈದು ವರ್ಷ ದೊಡ್ಡವನು. 1924ರ ಅಮೆರಿಕದ ವಲಸೆ ಕಾನೂನು ಆ ದಾರಿಯನ್ನೂ ಮುಚ್ಚಿತು. ದೊಡ್ಡ ಸಂಖ್ಯೆಯಲ್ಲಿ ಮತ್ತೆ ಜನ ಬಂದದ್ದು 1965ರ ಹೊಸ ವಲಸೆ ಕಾನೂನು ಬಂದ ಮೇಲೆ. ಜಯನಗರದವರ ಆಂಟಿ ಆ ಅಲೆಯವರು ಇರಬೇಕು.

ತಾಷ್ಕೆಂಟ್_ಹುಡುಗ:

ನಾನು ಬಳ್ಳಾರಿಯವನು, ಇಲ್ಲಿ ಎಂಬಿಬಿಎಸ್ ನಾಲ್ಕನೇ ವರ್ಷ. ಕೊರಿಯನ್ನರು ಅಂದರೆ ಅಮೆರಿಕ ಅಂತ ಎಲ್ಲರೂ ಬರೆಯುತ್ತಿದ್ದೀರಿ. ನಮ್ಮ ರೂಮಿನ ಓನರ್ ಅಜ್ಜಿಯೂ ಕೊರಿಯನ್ನರೇ. ಹುಟ್ಟಿದ್ದು, ಬೆಳೆದದ್ದು ಉಜ್ಬೆಕಿಸ್ತಾನದಲ್ಲಿ. ಮಾತಾಡೋದು ರಷ್ಯನ್. ತಮ್ಮನ್ನು ‘ಕೊರ್ಯೊ ಸಾರಾಮ್’, ಅಂದರೆ ಕೊರಿಯಾದ ಜನ, ಅಂತ ಕರೆದುಕೊಳ್ಳುತ್ತಾರೆ.

ಇವರ ಹಿರಿಯರು ಬರಗಾಲಕ್ಕೆ ಹೆದರಿ 1860ರ ದಶಕದಿಂದಲೇ ಗಡಿ ದಾಟಿ ರಷ್ಯಾದ ಪೂರ್ವ ತುದಿಗೆ ಹೋದವರು. ಅಲ್ಲಿ ಗದ್ದೆ ಮಾಡಿ ನೆಲೆ ನಿಂತರು. 1937ರಲ್ಲಿ ಸ್ಟಾಲಿನ್ ಸರ್ಕಾರ ‘ಇವರಲ್ಲಿ ಜಪಾನಿನ ಗೂಢಚಾರರು ಇರಬಹುದು’ ಅಂತ ಹೇಳಿ ಸುಮಾರು 1,72,000 ಜನರನ್ನು ಗೂಡ್ಸ್ ಬೋಗಿಗಳಿಗೆ ತುಂಬಿ ಕಜಾಕಿಸ್ತಾನ್, ಉಜ್ಬೆಕಿಸ್ತಾನಕ್ಕೆ ತಂದು ಇಳಿಸಿತು. ಕಜಾಕಿಸ್ತಾನದ ಉಷ್ಟೊಬೆ ಅನ್ನುವ ಕಡೆ ಇಳಿದವರಿಗೆ ಸೂರೇ ಇರಲಿಲ್ಲ. ಚಳಿಗಾಲ ಬೇರೆ ಬಂತು. ಗುಡ್ಡದ ಪಕ್ಕ ನೆಲ ಅಗೆದು, ಮೇಲೆ ಜೊಂಡು ಹೊದಿಸಿ, ಆ ಗುಂಡಿಯಲ್ಲಿ ಬದುಕಿದರು. ಬಹಳ ಮಕ್ಕಳು, ಮುದುಕರು ಆ ಚಳಿಗೆ ಸತ್ತರು. ಆ ಗುಡ್ಡದಲ್ಲೇ ಅವರ ಗೋರಿಗಳಿವೆ.

ಅಜ್ಜಿಗೆ ಇದೆಲ್ಲ ಅವರ ಅಮ್ಮ ಹೇಳಿದ್ದು. ಅದರಲ್ಲಿ ಒಂದು ನನಗೆ ಮರೆಯಲಾಗುವುದಿಲ್ಲ. ಗುಂಡಿ ತೋಡುವಾಗ ಅವರ ತಾತ ಮೊದಲು ಜೋಡಿಸಿದ್ದು ಗೋಡೆ ಅಲ್ಲವಂತೆ, ನೆಲ. ಒಲೆಯ ಹೊಗೆ ನೆಲದ ಕಲ್ಲಿನ ಕೆಳಗೆ ಹರಿದು ಆಚೆ ಹೋಗಬೇಕು, ಆಗ ನೆಲ ಬೆಚ್ಚಗಾಗುತ್ತೆ. ಕೊರಿಯಾದ ಹಳೇ ಮನೆಗಳ ಪದ್ಧತಿ ಅದು. ಮೇಲೆ ಸೂರು ಸೋರುತ್ತಿದ್ದರೂ ಮಕ್ಕಳು ಬೆಚ್ಚನೆಯ ನೆಲದಲ್ಲಿ ಮಲಗಿದರು. ಅಜ್ಜಿಯ ಅಡುಗೆಮನೆ ಪಕ್ಕದ ರೂಮಿನಲ್ಲಿ ಈಗಲೂ ಅಂಥ ಒಂದು ಜಗಲಿ ಇದೆ. ಜನವರಿಯಲ್ಲಿ ಅಲ್ಲಿ ಕೂತು ಓದುವುದಕ್ಕೆ ನಾವು ಮೂರು ಜನ ಹುಡುಗರು ಜಗಳ ಆಡ್ತೀವಿ.

ಸ್ಟಾಲಿನ್ ಸತ್ತ ಮೇಲೆ ಓಡಾಡಲು ಬಿಟ್ಟರು. ಆಗ ಶುರುವಾದದ್ದು ‘ಗೊಬೊಂಜಿ’. ವಸಂತದಲ್ಲಿ ಮನೆಮಂದಿಯೆಲ್ಲ ಸಾವಿರಾರು ಕಿಲೋಮೀಟರ್ ದೂರ ಹೋಗಿ ಜಮೀನು ಗುತ್ತಿಗೆ ಹಿಡಿದು, ಈರುಳ್ಳಿ, ಕಲ್ಲಂಗಡಿ ಬೆಳೆದು, ಗುಡಿಸಲಲ್ಲಿ ಇದ್ದು, ಶರತ್ಕಾಲಕ್ಕೆ ಮನೆಗೆ ವಾಪಸ್. ನಮ್ಮ ಕಡೆಯವರು ಸುಗ್ಗಿಗೆ ಗುಳೆ ಹೋಗುತ್ತಾರಲ್ಲ, ಕೇಳಿದ ತಕ್ಷಣ ಅದೇ ನೆನಪಾಯಿತು. ಹಾಗೆ ಹೋದ ಕೆಲವರು ಉಕ್ರೇನ್‌ನಲ್ಲೇ ಉಳಿದರು. 2022ರಲ್ಲಿ ಅಲ್ಲಿ ಯುದ್ಧ ಬಂದಾಗ ದಕ್ಷಿಣ ಕೊರಿಯಾದ ಗ್ವಾಂಗ್‌ಜು ಊರಿನ ಕೊರ್ಯೊ ಕೇರಿಯವರು ಚಂದಾ ಎತ್ತಿ, ವಿಮಾನದ ಟಿಕೆಟ್ ತೆಗೆದು, ಎಷ್ಟೋ ಜನರನ್ನು ಕರೆಸಿಕೊಂಡರು.

ಅಜ್ಜಿಯ ಮಗಳು ಈಗ ಕೊರಿಯಾದ ಆನ್ಸಾನ್‌ನಲ್ಲಿ ಫ್ಯಾಕ್ಟರಿ ಕೆಲಸ ಮಾಡುತ್ತಾಳೆ. ಮುತ್ತಜ್ಜನ ದೇಶಕ್ಕೆ ಹೋದಳು, ಸರಿ. ಅಲ್ಲಿ ಅವಳ ಕೊರಿಯನ್ ಕೇಳಿ ‘ನೀನು ಯಾವ ದೇಶದವಳು’ ಅಂತಾರಂತೆ. ಇಲ್ಲಿ ಕೊರಿಯನ್ನಳು, ಅಲ್ಲಿ ಉಜ್ಬೆಕ್‌ನವಳು. ರಾತ್ರಿ ವಿಡಿಯೊ ಕಾಲ್‌ನಲ್ಲಿ ಅಮ್ಮನ ಹತ್ತಿರ ಕೇಳುವುದು ಒಂದೇ: ‘ಕ್ಯಾರೆಟ್ ಪಲ್ಯ ಕಳಿಸು.’

ಸುಮ್ನೆ_ಓದೋಳು:

ನಾನು ಸುಮ್ನೆ ಓದ್ತಾ ಇದ್ದೆ, ಆದರೆ ಕ್ಯಾರೆಟ್ ಪಲ್ಯ ಅಂದಿರಲ್ಲ. ಕೊರಿಯನ್ನರು ಕಿಮ್ಚಿ, ಆ ಎಲೆಕೋಸಿನ ಉಪ್ಪಿನಕಾಯಿ, ಅಲ್ವಾ ತಿನ್ನೋದು?

ತಾಷ್ಕೆಂಟ್_ಹುಡುಗ:

ಕಿಮ್ಚಿಗೆ ಬೇಕಾದ ಎಲೆಕೋಸು ಇಲ್ಲಿ ಸಿಗುತ್ತಿರಲಿಲ್ಲ. ಸಿಕ್ಕಿದ್ದು ಕ್ಯಾರೆಟ್. ಎಳೆ ಎಳೆಯಾಗಿ ಹೆಚ್ಚಿ, ಉಪ್ಪು, ವಿನೆಗರ್, ಬೆಳ್ಳುಳ್ಳಿ, ಧನಿಯಾ ಪುಡಿ, ಖಾರದ ಪುಡಿ ಹಾಕಿ, ಮೇಲೆ ಚುರ್ರ್ ಅಂತ ಬಿಸಿ ಎಣ್ಣೆ. ಒಗ್ಗರಣೆ ಅಂತಲೇ ಅಂದುಕೊಳ್ಳಿ, ಸಾಸಿವೆ ಒಂದು ಇಲ್ಲ. ಹೆಸರು ‘ಮಾರ್ಕೋವ್ಚಾ’. ಅರ್ಧ ರಷ್ಯನ್, ಅರ್ಧ ಕೊರಿಯನ್. ಇಲ್ಲಿನ ಕುಯ್ಲುಕ್ ಬಜಾರಿನಲ್ಲಿ ಕೊರಿಯನ್ ಅಜ್ಜಿಯರು ಗುಡ್ಡೆ ಹಾಕಿ ಮಾರುತ್ತಾರೆ. ರೂಮಿನಲ್ಲಿ ಚಪಾತಿ ಜೊತೆ ನಾವು ತಿನ್ನುವುದು ಇದನ್ನೇ.

ಎಲ್‌ಎ_ಸೊಸೆ:

ಬೆಚ್ಚನೆಯ ನೆಲ, ಕ್ಯಾರೆಟ್ ಪಲ್ಯ, ಎಲ್ಲ ಚೆನ್ನಾಗಿದೆ. ನಾನು ಸ್ವಲ್ಪ ಕಹಿ ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ನಾನು ದಾವಣಗೆರೆಯವಳು, ನಮ್ಮನೆಯವರು ಲಾಸ್ ಏಂಜಲೀಸ್‌ನಲ್ಲಿ ಬೆಳೆದ ಕೊರಿಯನ್. ವಲಸೆ ಬಂದವರಿಗೆ ಅಂಗಡಿಯೇ ಮನೆ ಅಂತ ಯಾರಾದರೂ ಬರೆದರೆ ಅವರಿಗೆ ಮೈ ಉರಿಯುತ್ತೆ.

ಮಾವನವರ ಅಂಗಡಿ ಕಪ್ಪು ಜನ ಬಹಳ ಇದ್ದ ಸೌತ್ ಸೆಂಟ್ರಲ್ ಬಡಾವಣೆಯಲ್ಲಿತ್ತು. ಬೆಳಿಗ್ಗೆ ಏಳಕ್ಕೆ ತೆಗೆದರೆ ರಾತ್ರಿ ಹನ್ನೊಂದಕ್ಕೆ ಮುಚ್ಚುವುದು. ಗಲ್ಲಾದ ಮುಂದೆ ಗುಂಡು ತೂರದ ಗಾಜು. ಗಾಜಿನ ಹಿಂದೆ ಹಾಲಿನ ಕ್ರೇಟ್ ತಲೆಕೆಳಗು ಮಾಡಿ ಕೂತು ನಮ್ಮನೆಯವರು ಮತ್ತೆ ಅವರ ತಂಗಿ ಹೋಮ್‌ವರ್ಕ್ ಮಾಡುತ್ತಿದ್ದರು. ನಿದ್ದೆ ಬಂದರೆ ಅಕ್ಕಿ ಮೂಟೆ ಮೇಲೆ ಮಲಗುವುದು. ‘ಮಕ್ಕಳನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ, ಅಷ್ಟೇ, ಅದಕ್ಕೆ ಮನೆ ಅನ್ನಬೇಡ’ ಅಂತಾರೆ.

ಆ ಅಂಗಡಿಗೆ ಬಂಡವಾಳ ಬಂದದ್ದು ‘ಕ್ಯೇ’ಯಿಂದ. ಏನಿಲ್ಲ, ನಮ್ಮ ಚೀಟಿ. ಹತ್ತಿಪ್ಪತ್ತು ಮನೆಯವರು ತಿಂಗಳಿಗಿಷ್ಟು ಅಂತ ಹಾಕುವುದು, ಒಬ್ಬೊಬ್ಬರು ಒಂದೊಂದು ತಿಂಗಳು ಎತ್ತುವುದು. ಕಾಗದ ಇಲ್ಲ, ಸಹಿ ಇಲ್ಲ, ನಂಬಿಕೆ. ಬ್ಯಾಂಕು ಹತ್ತಿರ ಸೇರಿಸದಿದ್ದಾಗ ಚರ್ಚಿನಲ್ಲಿ ಪರಿಚಯ ಆದವರ ದುಡ್ಡು ಕೈಹಿಡಿಯಿತು.

1992ರ ಏಪ್ರಿಲ್ 29. ರಾಡ್ನಿ ಕಿಂಗ್ ಅನ್ನುವ ಕಪ್ಪು ಮನುಷ್ಯನನ್ನು ಹೊಡೆದ ಪೊಲೀಸರನ್ನು ಕೋರ್ಟು ಬಿಟ್ಟ ದಿನ. ಊರು ಹತ್ತಿ ಉರಿಯಿತು. 2,000ಕ್ಕೂ ಜಾಸ್ತಿ ಕೊರಿಯನ್ ಅಂಗಡಿಗಳು ಹಾಳಾದವು. ನಷ್ಟ ಸುಮಾರು 40 ಕೋಟಿ ಡಾಲರ್ ಅಂತ ಲೆಕ್ಕ. ಕೊರಿಯನ್ನರು ಆ ದಿನವನ್ನು ‘ಸಾ-ಇ-ಗು’ ಅಂತಾರೆ. ಅಂದರೆ ನಾಲ್ಕು, ಎರಡು, ಒಂಬತ್ತು, ತಾರೀಖು ಅಷ್ಟೇ. ನಮ್ಮನೆಯವರಿಗೆ ಆಗ ಒಂಬತ್ತು ವರ್ಷ. ಅಪಾರ್ಟ್‌ಮೆಂಟಿನಲ್ಲಿ ಅತ್ತೆ ರೇಡಿಯೊ ಕೊರಿಯಾ ಹಾಕಿಕೊಂಡು ಕೂತಿದ್ದರಂತೆ. ಜನ ಫೋನ್ ಮಾಡಿ, ಯಾವ ರಸ್ತೆ ಹೊತ್ತಿದೆ, ಎಲ್ಲಿಗೆ ಸಹಾಯ ಬೇಕು ಅಂತ ಹೇಳುತ್ತಿದ್ದರು. ಪೊಲೀಸರು ಬರಲಿಲ್ಲ. ತಮ್ಮ ರಸ್ತೆಯ ಹೆಸರೂ ರೇಡಿಯೊದಲ್ಲಿ ಬಂತು.

ಇನ್ಷೂರೆನ್ಸ್ ಇತ್ತು. ಆದರೆ ಕಂತು ಕಮ್ಮಿ ಅಂತ ತೆಗೆದುಕೊಂಡ ಆ ಕಂಪನಿಗೆ ಈ ರಾಜ್ಯದಲ್ಲಿ ಪರವಾನಗಿಯೇ ಇರಲಿಲ್ಲ. ಒಂದು ಕಾಸೂ ಬರಲಿಲ್ಲ. ಹೀಗೆ ಮೋಸ ಹೋದವರು ಬಹಳ ಜನ. ಕ್ಯೇ ಮಾತ್ರ ನಿಲ್ಲಲಿಲ್ಲ. ಮಾವ ಆಗಲೇ ತಮ್ಮ ಪಾಲು ಎತ್ತಿದ್ದರು, ಅಂಗಡಿ ಬೂದಿಯಾಗಿತ್ತು, ಕಂತು ಇನ್ನೂ ಬಹಳ ಬಾಕಿ. ಬೇರೆಯವರ ಗೋಡೌನಿನಲ್ಲಿ ರಾತ್ರಿ ಪಾಳಿ ಮಾಡಿ ಕಟ್ಟಿ ಮುಗಿಸಿದರು. ಕಟ್ಟದಿದ್ದರೆ ಮುಂದಿನ ಭಾನುವಾರ ಚರ್ಚಿಗೆ ಹೇಗೆ ಹೋಗುವುದು?

ಇದಿಷ್ಟು ಹೇಳಿ ನಮ್ಮನೆಯವರು ‘ಎಲ್ಲಿದೆ ನಿನ್ನ ಸ್ವೀಟ್ ಹೋಮ್’ ಅಂತಾರೆ. ಆದರೆ ಒಂದು ವಿಷಯ ನಾನು ಗಮನಿಸಿದ್ದೀನಿ, ಅವರಿಗೆ ಹೇಳಿಲ್ಲ. ಈ ಮನೆಯಲ್ಲಿ ಅವರ ಚಿಕ್ಕ ವಯಸ್ಸಿನ ಫೋಟೊ ಒಂದೂ ಇಲ್ಲ. ನನ್ನ ಮಗಳು ಕೇಳಿದಾಗ ಅತ್ತೆ ಹೇಳಿದರು, ಆಲ್ಬಮ್ ಎಲ್ಲ ಅಂಗಡಿಯಲ್ಲಿತ್ತಂತೆ. ಅಪಾರ್ಟ್‌ಮೆಂಟಿನಲ್ಲಿ ಯಾಕೆ ಇಟ್ಟಿರಲಿಲ್ಲ ಅಂದರೆ, ‘ಅಲ್ಲಿ ಕೂತು ನೋಡುವವರು ಯಾರಿದ್ದರು?’ ಅಂದರು.

(ಭಾಷೆ_ಹುಚ್ಚ ಅವರೇ, ಉರಿ ಅಂದರೆ ಬೆಂಕಿ ಅಲ್ಲ ಅಂದಿರಿ. ನಮ್ಮ ಮನೆ ಮಟ್ಟಿಗೆ ಎರಡೂ ಹೌದು.)

ಭಾಷೆ_ಹುಚ್ಚ:

ಕ್ಷಮಿಸಿ, ಗೊತ್ತಿಲ್ಲದೆ ಜೋಕ್ ಮಾಡಿದೆ.

ಕೋಲಾರ_ಕಿರಿಕ್:

ಸೊಸೆಯವರ ಪೋಸ್ಟ್ ಓದಿ ನಾನೂ ಸ್ವಲ್ಪ ತಣ್ಣಗಾದೆ. ಆದರೆ ಒಂದು ಬಿಟ್ಟಿರಿ. ಅದಕ್ಕೆ ಒಂದು ವರ್ಷ ಮುಂಚೆ ಕೊರಿಯನ್ ಅಂಗಡಿಯವರೊಬ್ಬರು ಒಬ್ಬ ಕಪ್ಪು ಹುಡುಗಿಯನ್ನು ಕೊಂದಿದ್ದರಲ್ಲ?

ಎಲ್‌ಎ_ಸೊಸೆ:

ಹೌದು. ಲಟಾಶಾ ಹಾರ್ಲಿನ್ಸ್, 15 ವರ್ಷ. 1991ರ ಮಾರ್ಚ್ 16. ಒಂದು ಆರೆಂಜ್ ಜ್ಯೂಸ್ ಬಾಟಲಿಗೆ ಜಗಳ ಹತ್ತಿ, ತಿರುಗಿ ಹೊರಟಿದ್ದ ಹುಡುಗಿಯ ತಲೆಗೆ ಹಿಂದಿನಿಂದ ಗುಂಡು ಬಿತ್ತು. ಹೊಡೆದ ಹೆಂಗಸಿಗೆ ಜೈಲು ಆಗಲಿಲ್ಲ, ಪ್ರೊಬೇಷನ್, ದಂಡ, ಸಮಾಜಸೇವೆ ಅಷ್ಟೇ. ಅದನ್ನು ನಾನೇ ಬರೆಯಬೇಕಿತ್ತು, ತಪ್ಪು ನನ್ನದು. ಈ ವಿಷಯ ನಮ್ಮ ಮನೆಯ ಊಟದ ಮೇಜಿನಲ್ಲಿ ಬಂದರೆ ಮಾವ ಎದ್ದು ಹೋಗುತ್ತಾರೆ. ಅವರ ಅಂಗಡಿಗೆ ಬರುತ್ತಿದ್ದ ಮಕ್ಕಳಿಗೂ ಅದೇ ವಯಸ್ಸು. ಆ ಬೀದಿ ಅವರ ಊರು, ಇವರು ಗಾಜಿನ ಹಿಂದೆ ಕೂತು ದುಡ್ಡು ಎಣಿಸಿ ರಾತ್ರಿ ಕಾರು ಹತ್ತಿ ಹೋಗುವವರು. ಆ ಕಡೆಯಿಂದ ಹಾಗೇ ಕಾಣುತ್ತಿತ್ತು. ಇದು ಗೊತ್ತಾಗೋಕೆ ನಮ್ಮನೆಯವರಿಗೆ ಕಾಲೇಜು ಬರಬೇಕಾಯಿತಂತೆ.

ಒಸಾಕಾ_ಇಂಜಿನಿಯರ್:

ಜಪಾನಿನದ್ದು ಒಂದು ಸೇರಿಸ್ತೀನಿ. ಕ್ಯೋಟೊ ಪಕ್ಕದ ಉಜಿ ಊರಿನಲ್ಲಿ ಉಟೊರೊ ಅಂತ ಒಂದು ಕೇರಿ ಇದೆ. 1940ರ ಸುಮಾರಿಗೆ ವಿಮಾನ ನಿಲ್ದಾಣ ಕಟ್ಟಲು ಕೊರಿಯನ್ ಕೂಲಿಗಳನ್ನು ಶೆಡ್‌ಗಳಲ್ಲಿ ಇಟ್ಟಿದ್ದರು. 1945ರಲ್ಲಿ ಜಪಾನ್ ಸೋತಿತು, ಕೆಲಸ ನಿಂತಿತು, ಕೂಲಿಗಳನ್ನು ಕೇಳುವವರಿಲ್ಲ. ಹೋಗಲು ದುಡ್ಡಿಲ್ಲದವರು ಅಲ್ಲೇ ಉಳಿದರು. ನೆಲ ಇನ್ಯಾರದೋ ಹೆಸರಲ್ಲಿತ್ತು. ನಲ್ಲಿ ನೀರು ಬಂದದ್ದು 1988ರಲ್ಲಿ. ಹೌದು, ಜಪಾನಿನಲ್ಲೇ, ಟೈಪೊ ಅಲ್ಲ. ಮಳೆ ಬಂದರೆ ಚರಂಡಿ ನೀರು ಮನೆಗೆ.

ಖಾಲಿ ಮಾಡಿ ಅಂತ ಕೇಸು ನಡೆದು 2000ದಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ಆದರೂ ಎದ್ದು ಹೋಗಲಿಲ್ಲ. ಜಪಾನ್, ಕೊರಿಯಾ ಎರಡೂ ಕಡೆ ಜನ ದುಡ್ಡು ಸೇರಿಸಿದರು, ಕೊರಿಯಾ ಸರ್ಕಾರವೂ ಕೊಟ್ಟಿತು, ನೆಲದ ಒಂದು ಭಾಗ ಕೊಂಡರು. 2018ರಲ್ಲಿ ಅಲ್ಲೇ ಸರ್ಕಾರಿ ಫ್ಲ್ಯಾಟ್‌ಗಳು ಬಂದವು. 2021ರ ಆಗಸ್ಟ್‌ನಲ್ಲಿ ಕೊರಿಯನ್ನರನ್ನು ಕಂಡರಾಗದ ಒಬ್ಬ 22ರ ಹುಡುಗ ಬೆಂಕಿ ಇಟ್ಟ. ಮ್ಯೂಸಿಯಂಗೆ ಅಂತ ತೆಗೆದಿಟ್ಟಿದ್ದ ಹೋರಾಟದ ಹಲಗೆಗಳು ಸುಟ್ಟುಹೋದವು. ಆದರೂ 2022ರ ಏಪ್ರಿಲ್‌ನಲ್ಲಿ ಮ್ಯೂಸಿಯಂ ತೆರೆಯಿತು.

ನಾನು ಹೋಗಿದ್ದೆ. ಎದುರಿಗೇ ಹಳೇ ಕೂಲಿ ಶೆಡ್ ಒಂದನ್ನು ಎತ್ತಿ ತಂದು ನಿಲ್ಲಿಸಿದ್ದಾರೆ. ಹಲಗೆಗಳ ನಡುವೆ ಕೈಬೆರಳು ತೂರುವಷ್ಟು ಸಂದು. ಅದರ ಹಿಂದೆ ಹೊಸ ಫ್ಲ್ಯಾಟ್‌ಗಳ ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿದ್ದವು.

ಹಳೇ_ಪುಸ್ತಕ:

ಕಿರಿಕ್ ಅವರು ವಾಪಸ್ ಹೋಗಲಿ ಅಂದಿದ್ದರಲ್ಲ, ಹೋದವರೂ ಇದ್ದಾರೆ. ಜಪಾನ್ ಕಾಲದಲ್ಲಿ ಸಖಾಲಿನ್ ದ್ವೀಪದ ಗಣಿಗಳಿಗೆ ಹೋಗಿ, ಯುದ್ಧ ಮುಗಿದಾಗ ಸೋವಿಯತ್ ಕೈಯಲ್ಲಿ ಸಿಕ್ಕಿಬಿದ್ದ ಕೊರಿಯನ್ನರಿಗೆ 2000ದಲ್ಲಿ ಆನ್ಸಾನ್‌ನಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಕೊಟ್ಟರು. ಹೆಸರು ‘ಗೊಹ್ಯಾಂಗ್ ಮಾಉಲ್’, ಊರಿನ ಹಳ್ಳಿ. ಆದರೆ 1945ರ ಆಗಸ್ಟ್ 15ಕ್ಕೆ ಮುಂಚೆ ಹುಟ್ಟಿದವರಿಗೆ ಮಾತ್ರ. ಮಕ್ಕಳು, ಮೊಮ್ಮಕ್ಕಳು ಸಖಾಲಿನ್‌ನಲ್ಲೇ ಉಳಿದರು. ಐವತ್ತು ವರ್ಷ ಅಪ್ಪ ಅಮ್ಮನಿಂದ ದೂರ ಇದ್ದವರು, ಊರಿಗೆ ಬಂದು ಮಕ್ಕಳಿಂದ ದೂರ ಆದರು. 2021ರಲ್ಲಿ ಜಾರಿಗೆ ಬಂದ ಕಾನೂನು ಒಂದು ಮಗುವನ್ನು ಜೊತೆಗೆ ಕರೆತರಲು ಬಿಟ್ಟಿತು. ಒಂದನ್ನು. ಮೂರು ಮಕ್ಕಳಿದ್ದವರು ಆಗ ಯಾರನ್ನು ಆರಿಸಬೇಕಿತ್ತು?

ಕೋಲಾರ_ಕಿರಿಕ್:

ಸರಿ ಸ್ವಾಮಿ, ನನ್ನ ಮಾತು ವಾಪಸ್.

ಜರ್ಸಿ_ಜಯನಗರ:

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನದಿಂದ ಓದುತ್ತಲೇ ಇದ್ದೆ. ನಿನ್ನೆ ಅಂಗಡಿಗೆ ಹೋಗಿದ್ದೆ. ಯಾರೂ ಬಂದು ತೆಗೆದುಕೊಂಡು ಹೋಗದ ಬಟ್ಟೆಗಳು ಅರವತ್ತೋ ಎಪ್ಪತ್ತೋ ಇನ್ನೂ ಮೇಲಿನ ಕಂಬಿಯಲ್ಲಿ ನೇತಾಡುತ್ತಿವೆ. ಆಂಟಿ ಒಂದೊಂದರ ಚೀಟಿ ನೋಡಿ ಎಲ್ಲರಿಗೂ ಫೋನ್ ಮಾಡುತ್ತಿದ್ದಾರೆ. ಕೆಲವು ನಂಬರ್ ಯಾವಾಗಲೋ ಸತ್ತಿವೆ. 2019ರ ಒಂದು ಮದುವೆ ಗೌನ್ ಇದೆ. ಅದನ್ನು ದಾನಕ್ಕೆ ಕೊಡಿ ಅಂದರೆ ಒಪ್ಪುತ್ತಿಲ್ಲ, ಬರುತ್ತಾಳೆ ಅಂತಾರೆ.

ಎಲ್‌ಎ ಸೊಸೆಯವರ ಫೋಟೊ ವಿಷಯ ಓದಿದ ಮೇಲೆ, ಬಾಯಿ ತಡೆಯದೆ, ನಿಮ್ಮ ಆಲ್ಬಮ್ ಎಲ್ಲಿದೆ ಅಂತ ಕೇಳಿದೆ. ಗಲ್ಲಾದ ಕೆಳಗಿನ ಡ್ರಾಯರ್ ಎಳೆದು ತೋರಿಸಿದರು. ಅಲ್ಲೇ ಇತ್ತು, ಸ್ಟೇಪ್ಲರ್ ಪಿನ್ ಡಬ್ಬಿಯ ಪಕ್ಕ.

ಹಾಂ, ಒಂದು ಸಹಾಯ ಬೇಕು. ಅವರ ಕಿಮ್ಚಿ ಫ್ರಿಜ್ ಟೆಕ್ಸಾಸ್‌ಗೆ ಹೋಗುವ ಲಾರಿಗೆ ಹಾಕಬೇಕು. ಮಗ ಹೊಸದು ಕೊಡಿಸ್ತೀನಿ ಅಂದರೂ ಕೇಳುತ್ತಿಲ್ಲ. ಲಾರಿ ನಮ್ಮ ಬೀದಿಗೆ ಬರಲ್ಲ, ಮೇನ್ ರೋಡ್ ತನಕ ಸಾಗಿಸಬೇಕು. ಶನಿವಾರ ಪಿಕಪ್ ಗಾಡಿ ಇರುವ ಎಡಿಸನ್ ಕಡೆಯ ಕನ್ನಡಿಗರು ಯಾರಾದರೂ ಇದ್ದೀರಾ?

ಎಡಿಸನ್_ಗೌಡ:

ನನ್ನ ಹತ್ತಿರ ಇದೆ. ಎಷ್ಟು ಹೊತ್ತಿಗೆ?

ಜರ್ಸಿ_ಜಯನಗರ:

ಎಂಟಕ್ಕೆ. ಮಹಡಿ ಮೇಲಿಂದ ಇಳಿಸಬೇಕು, ಲಿಫ್ಟ್ ಇಲ್ಲ. ಇನ್ನೊಬ್ಬರನ್ನು ಕರೆದುಕೊಂಡು ಬನ್ನಿ. ಒಳಗೆ ಕಿಮ್ಚಿ ತುಂಬಿದೆಯಂತೆ, ಖಾಲಿ ಮಾಡಲ್ಲ ಅಂತ ಹಟ ಹಿಡಿದಿದ್ದಾರೆ.